ಗೇರ್ ಕಡ್ಡಿಯ ಬಾಗು

ಗೌರಕ್ಕ, ರಾಮಣ್ಣನವರ ಪ್ರಾಣ ಹೋದಾಗ ಅವರ ಬಲಗಿವಿ ಮೇಲಿರಲಿಲ್ಲ. ದಿಂಬಿಗೆ ಒತ್ತಿಕೊಂಡಿತ್ತು. ಹಾಗೆ ಮಲಗಿಸಿದವನು ನಾನೇ — ಒಂದು ಆಟಿಕೆ ಕಾರು ತೋರಿಸಲಿಕ್ಕೆ. ಅವರು ಕೊನೆಗೆ ‘ಶಿವ’ ಅಂದದ್ದೂ ಸುಳ್ಳು. ಅದನ್ನು ಹುಟ್ಟಿಸಿದವನೂ ನಾನೇ.

ಆರು ವರ್ಷವಾಯಿತು. ಹೇಳಬೇಕು ಎಂದುಕೊಂಡು ನಿಮ್ಮ ಮಹಡಿಯ ಮೆಟ್ಟಿಲು ಎಷ್ಟು ಸಲ ಹತ್ತಿದೆನೋ, ಹತ್ತಿ ಗ್ಯಾಸ್ ಸಿಲಿಂಡರ್ ಬಂತಾ ಎಂದು ಕೇಳಿ ಇಳಿದೆನೋ — ಲೆಕ್ಕವಿಲ್ಲ. ಸುಸ್ತಾಗಿದೆ ನನಗೆ. ಬಾಯಿಂದ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಬರೆಯಲು ಕೂತಿದ್ದೇನೆ. ನಿಮ್ಮ ಕಣ್ಣಿಗೆ ಈ ಅಕ್ಷರ ಕಾಣುವುದಿಲ್ಲ. ನಾನೇ ಓದಿ ಹೇಳುತ್ತೇನೆ.

ಕಾಶಿಯಲ್ಲಿ ಪ್ರಾಣ ಬಿಡುವವರ ಬಲಗಿವಿಯಲ್ಲಿ ಶಿವನೇ ಬಂದು ತಾರಕ ಮಂತ್ರ ಹೇಳುತ್ತಾನೆ ಎಂಬುದು ಇಲ್ಲಿ ಹುಟ್ಟಿದ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದಕ್ಕಾಗಿಯೇ ನೀವಿಬ್ಬರೂ ತಿಪಟೂರಿನ ಕಡೆಯ ಹಳ್ಳಿಯನ್ನು ಬಿಟ್ಟು ಹನುಮಾನ್ ಘಾಟಿನ ನಮ್ಮ ಮನೆಯ ಮಹಡಿಗೆ ಬಂದದ್ದು. ಮಕ್ಕಳಿಲ್ಲದವರು, ಇಲ್ಲೇ ಸಾಯೋಣ ಎಂದು ಬಂದವರು. ಬಂದ ಮೂರನೇ ದಿನವೇ ನೀವು ನನ್ನ ಅಣ್ಣನ ಹತ್ತಿರ ಕೇಳಿದ್ದು ನೆನಪಿದೆ — ಮಂಚ ಯಾವ ಕಡೆಗೆ ಹಾಕಿಸಬೇಕು, ಯಾವ ಮಗ್ಗುಲಲ್ಲಿ ಮಲಗಿದರೆ ಆ ಕಿವಿ ಮೇಲಿರುತ್ತದೆ ಎಂದು. ಅಣ್ಣ ಪೌರೋಹಿತ್ಯ ಮಾಡುವವನು, ಎಡಮಗ್ಗುಲು ಎಂದ. ಅಂದೇ ಮಂಚ ತಿರುಗಿಸಿದಿರಿ. ಎಡಮಗ್ಗುಲಾದರೆ ಮುಖ ಗೋಡೆಗೆ ಬರುತ್ತಿತ್ತು, ಕಿಟಕಿ ಬೆನ್ನಿಗೆ. ಆಗಲಿ ಬಿಡು, ನೋಡೋದಕ್ಕೆ ಏನಿದೆ ಎಂದರು ರಾಮಣ್ಣ.

ಕಾಶಿಗೆ ಬಂದವರು ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಡಬೇಕಲ್ಲ. ನಾನು ಕಂಡಂತೆ ಹತ್ತರಲ್ಲಿ ಒಂಬತ್ತು ಜನ ಹಾಗಲಕಾಯಿ ಬಿಡುತ್ತಾರೆ, ಇಲ್ಲವೇ ಹೀರೇಕಾಯಿ. ಮೊದಲಿಂದಲೂ ತಟ್ಟೆಯ ಅಂಚಿಗೆ ಸರಿಸುತ್ತಿದ್ದದ್ದನ್ನೇ ದೇವರಿಗೆ ಕೊಡುವುದು. ನಿಮ್ಮ ಯಜಮಾನರು ಹಾಗೆ ಮಾಡಲಿಲ್ಲ. ಸೊಂಟದ ಮಟ್ಟ ನೀರಿನಲ್ಲಿ ನಿಂತು ತಮ್ಮ ಕಾರನ್ನು ಬಿಟ್ಟರು. ಮಾರಿ ಬಂದದ್ದಷ್ಟೇ ಅಲ್ಲ — ಇನ್ನು ಅದರ ಮಾತಾಡುವುದಿಲ್ಲ, ಅದನ್ನು ನೆನೆಯುವುದಿಲ್ಲ ಎಂದು ಮೂರು ಮುಳುಗು ಹಾಕಿದರು. ಈ ಮಾತನ್ನು ನೀವೇ ನನಗೆ ಹೇಳಿದ್ದು, ಹೆಮ್ಮೆಯಿಂದ. ‘ಊಟ ಬಿಡ್ತಿದ್ರು ಕಣಪ್ಪ, ಆ ಕಾರು ಬಿಡ್ತಿರ್ಲಿಲ್ಲ. ಅಂಥದ್ದನ್ನ ಬಿಟ್ರು,’ ಎಂದಿರಿ.

ಅಂದು ಅದನ್ನು ಕೇಳಿ ಕೈಮುಗಿಯಬೇಕಾಗಿತ್ತು. ನನ್ನ ತಲೆಯಲ್ಲಿ ಎದ್ದದ್ದು ಒಂದೇ ಪ್ರಶ್ನೆ: ಎಂಥ ಕಾರು?

ನನ್ನ ಚಟ ನಿಮಗೆ ಗೊತ್ತು. ಬಂಗಾಲಿ ಟೋಲಾದಲ್ಲಿ ಕನ್ನಡಕದ ಅಂಗಡಿ, ಮನೆಗೆ ಬಂದರೆ ಪುಟ್ಟ ಕಾರುಗಳು. ಅಂಗಡಿಯ ಚಿಮುಟ, ಸ್ಕ್ರೂಡ್ರೈವರುಗಳೇ ಅದಕ್ಕೂ ಆಗುತ್ತವೆ. ಒಂದು ಗೇಣಿನ ಲೋಹದ ಕಾರನ್ನು ತರಿಸಿ, ಬಿಚ್ಚಿ, ಗರಗಸದಿಂದ ಕೊಯ್ದು, ಒಳಗಿನದೆಲ್ಲ ಕಿತ್ತು, ಎಲ್ಲೋ ನಿಜವಾಗಿ ಓಡಿದ ಯಾವುದೋ ಒಂದು ಕಾರಿನ ಹಾಗೆ ಮಾಡುವುದು. ಬೇಕಾದ ಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಕ್ಕಿದರೂ ಕೊಳ್ಳಬಾರದು — ಕೈಯಿಂದಲೇ ಮಾಡಬೇಕು. ಮದುವೆಯಾಗದವನಿಗೆ ಏನಾದರೊಂದು ಬೇಕಲ್ಲ ಎಂದು ಅಣ್ಣ ನಗುತ್ತಿದ್ದ.

ಒಂದು ಸಂಜೆ ರಾಮಣ್ಣ ಚಾಬಿ ಕೊಡಲು ನನ್ನ ಕೋಣೆಗೆ ಬಂದರು. ಮೇಜಿನ ಮೇಲೆ ಅರ್ಧ ಕೊಯ್ದ ಅಂಬಾಸಿಡರ್ ಇತ್ತು; ಅವರು ಬಿಟ್ಟದ್ದೂ ಅಂಬಾಸಿಡರೇ. ಬಾಗಿಲಲ್ಲೇ ನಿಂತುಬಿಟ್ಟರು. ಮುಖ ತಿರುಗಿಸಿ, ‘ನಾನು ಬಿಟ್ಟಿದೀನಪ್ಪ,’ ಎಂದು ಹೊರಟರು. ಆ ಮುಖ ತಿರುಗಿಸಿದ ರೀತಿ ನೋಡಿ — ಸಿಹಿ ಕಂಡ ಸಕ್ಕರೆ ಕಾಯಿಲೆಯವರ ಹಾಗೆ — ಇವರ ಒಳಗೆ ಆ ಕಾರು ಇನ್ನೂ ಪೂರ್ತಿ ಇದೆ, ಒಂದು ಬೋಲ್ಟೂ ಕಳೆದಿಲ್ಲ ಎಂದು ನನಗೆ ಗೊತ್ತಾಯಿತು. ಬಿಡಬಹುದಾಗಿತ್ತು. ಅಲ್ಲೇ ಬಿಡಬಹುದಾಗಿತ್ತು.

ಪುರೋಹಿತರ ಮನೆಯಲ್ಲಿ ಹುಟ್ಟಿದವನಿಗೆ ಮಂತ್ರ ಬಾರದಿದ್ದರೂ ವ್ರತದ ಸಂದುಗೊಂದು ಚೆನ್ನಾಗಿ ಗೊತ್ತಿರುತ್ತದೆ. ಉಪವಾಸದವರಿಗೆ ಅವಲಕ್ಕಿ, ಮೌನದವರಿಗೆ ಸ್ಲೇಟು ಬಳಪ — ನಮ್ಮ ಅಪ್ಪ ಯಾತ್ರಿಕರಿಗೆ ಎಲ್ಲಕ್ಕೂ ಒಂದು ದಾರಿ ತೋರಿಸುತ್ತಿದ್ದರು. ಅದೇ ಬುದ್ಧಿ ನನಗೂ ಬಂತು. ‘ನೀವು ಮಾತಾಡಬೇಡಿ ರಾಮಣ್ಣ, ವ್ರತ ಕೆಡಬಾರದು. ನಿಮ್ಮ ಕಾರನ್ನೇ ನಾನು ಮಾಡುತ್ತಾ ಹೋಗುತ್ತೇನೆ, ತಪ್ಪಿದರೆ ತಲೆ ಅಲ್ಲಾಡಿಸಿ, ಅಷ್ಟೆ,’ ಎಂದೆ.

ಹತ್ತು ದಿನ ಅವರು ಬರಲಿಲ್ಲ. ಹನ್ನೊಂದನೇ ದಿನ ಬಂದು ಸ್ಟೂಲಿನ ಮೇಲೆ ಕೂತರು. ನಾನು ಹಿಂದಿನ ಸೀಟನ್ನು ಕೂರಿಸಲು ಹೋದೆ. ಇಲ್ಲ ಎಂದು ತಲೆ ಅಲ್ಲಾಡಿಸಿದರು. ತೆಗೆದೆ. ಅಂಗೈ ಚಪ್ಪಟೆ ಮಾಡಿ ತೋರಿಸಿದರು — ಹಲಗೆ. ಹೀಗೆ ಒಂದು ವಾರ ಮೂಗರ ಹಾಗೆ ನಡೆಯಿತು. ಆಮೇಲೆ ಒಂದು ದಿನ ನಾನು ಬೇಕೆಂದೇ ಹಲಗೆಯನ್ನು ಅಡ್ಡಡ್ಡ ಇಟ್ಟೆ. ತಡೆಯಲಾಗಲಿಲ್ಲ ಅವರಿಗೆ. ‘ಉದ್ದಕ್ಕೆ ಇಡೋ, ಬಸುರಿ ಹೆಂಗಸು ಕಾಲು ಎಲ್ಲಿ ಚಾಚ್ತಾಳೆ?’ ಎಂದುಬಿಟ್ಟರು.

ಬೇಕೆಂದೇ ಎಂದೆನಲ್ಲ, ಗೌರಕ್ಕ. ಅದನ್ನು ಮತ್ತೊಮ್ಮೆ ಹೇಳುತ್ತೇನೆ. ಅವರ ಬಾಯಿ ತೆರೆಸಲು ಬೇಕೆಂದೇ ತಪ್ಪು ಮಾಡಿದೆ.

ಅಲ್ಲಿಂದ ಮುಂದೆ ಕಟ್ಟೆಯೊಡೆದ ಹಾಗಾಯಿತು. ಸುತ್ತಲಿನ ಹಳ್ಳಿಗಳ ಹೆಂಗಸರನ್ನು ಹೆರಿಗೆಗೆ ತಾಲೂಕಾಸ್ಪತ್ರೆಗೆ ಒಯ್ಯುತ್ತಿದ್ದ ಕಾರು ಅದು, ಊರವರು ಹೆರಿಗೆ ಕಾರು ಎಂದೇ ಕರೆಯುತ್ತಿದ್ದರು — ನಿಮಗೆ ಗೊತ್ತಿದ್ದದ್ದೇ. ನನಗೆ ಅದರ ಒಂದೊಂದು ಅಂಗುಲವೂ ತಿಳಿಯಿತು. ಡಿಕ್ಕಿಯ ಗೋಡೆ ಒಡೆದು ಹಲಗೆ ಚಾಚಿದ್ದು, ಹಳ್ಳಕ್ಕಿಳಿದರೂ ಅಲುಗಬಾರದೆಂದು ಹಲಗೆಯ ಕೆಳಗೆ ಸೈಕಲ್ ಟ್ಯೂಬು ಬಿಗಿದದ್ದು, ಹಿಡಿದುಕೊಳ್ಳಲು ಮೇಲಿನಿಂದ ಕಟ್ಟಿದ ನೂಲಿನ ಹಗ್ಗ. ಹಲಗೆಗೆ ಐಸ್‌ಕ್ರೀಮ್ ಕಡ್ಡಿ ಸೀಳಿದೆ. ಮುಂದಿನ ಜಾಲರಿಗೆ ಸೀರೆ ನೇಯುವವರ ಹತ್ತಿರ ಜರಿ ಎಳೆ ತಂದೆ. ಚಕ್ರಗಳನ್ನು ಮರದ ಬೊಂಬೆ ಕಡೆಯುವವನೊಬ್ಬ ಕಡೆದುಕೊಟ್ಟ. ದೀಪಕ್ಕೆ ರಾಮಣ್ಣನವರದೇ ಗುಳಿಗೆ ಪಟ್ಟಿಯ ಖಾಲಿ ಗುಳ್ಳೆಗಳನ್ನು ಕತ್ತರಿಸಿ ಅಂಟಿಸಿದೆ. ಅವರು ನಕ್ಕರು. ನನ್ನ ಭಾಷೆಯನ್ನೂ ಹಂಗಿಸುತ್ತಿದ್ದರು — ‘ನಿನ್ನ ಕನ್ನಡ ಮಡಿ ಉಟ್ಕೊಂಡು ಕೂತದೆ ಕಣೋ ಶಂಕ್ರ, ಸ್ವಲ್ಪ ಗ್ರೀಸ್ ಹಚ್ಚು,’ ಎಂದು. ಮನೆಯಲ್ಲಿ ಅಣ್ಣನ ಮಕ್ಕಳೆಲ್ಲ ಹಿಂದಿಯಲ್ಲೇ ಮಾತಾಡುವಾಗ ನನಗೆ ಆ ಬೈಗುಳ ಹಿತವಾಗಿತ್ತು.

ಆಗೆಲ್ಲ ನೀವು ಒಬ್ಬರೇ ಸಂಜೆ ದೇವಸ್ಥಾನಕ್ಕೆ ಹೋಗುತ್ತಿದ್ದಿರಿ. ಮಂಡಿನೋವು, ಇಲ್ಲೇ ಕೂತು ಜಪ ಮಾಡ್ತೀನಿ ಅನ್ನುತ್ತಿದ್ದರು ಅವರು. ನೀವು ಗಲ್ಲಿಯ ತಿರುವು ದಾಟುವವರೆಗೆ ಕಾದು ಕೆಳಗೆ ಬರುತ್ತಿದ್ದರು. ಅವರಿಗೂ ಅಳುಕಿತ್ತು. ಒಂದು ಸಲ ಕೇಳಿದರು — ‘ಗಂಗೆಗೆ ಕೊಟ್ಟದ್ದನ್ನ ವಾಪಸ್ಸು ಈಸ್ಕೊಂಡಂಗಾಯ್ತಲ್ಲೋ ಇದು?’ ಇದು ಕಾರಲ್ಲ, ಬೊಂಬೆ ಎಂದೆ. ಎಷ್ಟು ಸಲೀಸಾಗಿ ಅಂದೆ.

ಆಮೇಲೆ ಅವರು ಹಾಸಿಗೆ ಹಿಡಿದರು. ಅದನ್ನು ನಾನು ಹೇಳಬೇಕಾಗಿಲ್ಲ. ಆ ಚಳಿಯ ಬೆಳಿಗ್ಗೆಯೊಂದನ್ನು ಮಾತ್ರ ಹೇಳಬೇಕು.

ಎರಡು ದಿನದಿಂದ ಮಾತು ನಿಂತಿತ್ತು. ನೀವು ಅವರನ್ನು ಎಡಮಗ್ಗುಲಿಗೆ ಸರಿಪಡಿಸಿ, ಬೆನ್ನಿಗೆ ದಿಂಬು ಕೊಟ್ಟು, ತಂಬಿಗೆ ಹಿಡಿದು ಹೊರಟಿರಿ. ‘ಒಂದು ಮುಳುಗು ಹಾಕಿ ನೀರು ತರ್ತೀನಿ. ಉಸಿರು ಏರುಪೇರಾದ್ರೆ ಆ ಕಿವೀಲಿ ಶಿವ ಶಿವ ಅಂತಿರು. ಮಗ್ಗುಲು ಬದಲಾಯಿಸ್ಬೇಡ,’ ಎಂದಿರಿ. ಹೂಂ ಎಂದೆ. ನೀವು ಮೆಟ್ಟಿಲಿಳಿದ ಸದ್ದು ಮುಗಿಯುತ್ತಲೇ ಕೆಳಗೆ ಹೋಗಿ ಕಾರು ತಂದೆ.

ಅದು ಮುಗಿದಿತ್ತು, ಒಂದು ಭಾಗ ಬಿಟ್ಟು. ಗೇರ್ ಕಡ್ಡಿ. ಹಳೇ ಅಂಬಾಸಿಡರಿನ ಗೇರು ಸ್ಟಿಯರಿಂಗ್ ಪಕ್ಕ ಇರುತ್ತದೆ. ರಾಮಣ್ಣ ಅದನ್ನು ಕಿತ್ತು ಯಾವುದೋ ಜೀಪಿನ ಕಡ್ಡಿಯನ್ನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿ ಕೆಳಗೆ ಕೂರಿಸಿದ್ದರು — ಮುಂದೆ ಕೂರುವ ಸೂಲಗಿತ್ತಿಯ ಮೊಣಕಾಲಿಗೆ ತಾಗದ ಹಾಗೆ. ನಾನದಕ್ಕೆ ಗುಂಡುಸೂಜಿಯನ್ನು ಮೇಣದ ದೀಪದಲ್ಲಿ ಕಾಯಿಸಿ ಬಗ್ಗಿಸಿದ್ದೆ. ಆ ಬಾಗು ಸರಿಯಿದೆಯೋ ಇಲ್ಲವೋ ಎಂದು ಹೇಳಬಲ್ಲವರು ಜಗತ್ತಿನಲ್ಲಿ ಒಬ್ಬರೇ ಇದ್ದರು. ಅವರು ಹೊರಟಿದ್ದರು. ದೆಹಲಿಯಲ್ಲಿ ಇಂಥ ಪುಟ್ಟ ಕಾರುಗಳ ಪ್ರದರ್ಶನವಿತ್ತು, ಕಾರು ಕಳಿಸಬೇಕಾಗಿತ್ತು. ಅಂದಿನ ನನ್ನ ಮನಸ್ಸು ಇದಿಷ್ಟೇ, ಗೌರಕ್ಕ. ಇದಕ್ಕಿಂತ ಒಳ್ಳೆಯದೇನಾದರೂ ಇತ್ತೇ ಎಂದು ಆರು ವರ್ಷ ಹುಡುಕಿದ್ದೇನೆ. ಇರಲಿಲ್ಲ.

ಮುಖ ಗೋಡೆಗಿತ್ತು. ಬೆಳಕು ಕಿಟಕಿಯ ಕಡೆ. ದಿಂಬು ತೆಗೆದು, ಭುಜ ಹಿಡಿದು ಅವರನ್ನು ಬಲಮಗ್ಗುಲಿಗೆ ಹೊರಳಿಸಿದೆ. ಹಗುರವಾಗಿದ್ದರು. ಕಾರನ್ನು ಸ್ಟೂಲಿನ ಮೇಲಿಟ್ಟು ಬಾಗಿಲು ತೆರೆದು ತೋರಿಸಿದೆ. ಕಣ್ಣು ಬಿಟ್ಟರು. ನೋಡಿದರು — ತುಂಬ ಹೊತ್ತು ನೋಡಿದರು. ಮಾತು ನಿಂತ ಮನುಷ್ಯ, ಸ್ಪಷ್ಟವಾಗಿ ಅಂದರು: ‘ಕಡ್ಡಿ ಇನ್ನೊಂಚೂರು ಬಗ್ಸು.’

‘ಎಷ್ಟು ರಾಮಣ್ಣ? ಇಷ್ಟಾ?’ ಎಂದು ನಾನು ಚಿಮುಟ ಹಾಕಿದೆ. ನಾನು ತಲೆ ಎತ್ತಲಿಲ್ಲ. ಇಷ್ಟು ಸಾಕಾ, ಎಂದು ಮತ್ತೆ ಕೇಳಿದೆ. ಉಸಿರು ಎಳೆದ ಸದ್ದು ಕಿವಿಗೆ ಬಿದ್ದಿತ್ತು, ಗೌರಕ್ಕ. ಒಂದು, ಆಮೇಲೆ ತಡವಾಗಿ ಇನ್ನೊಂದು. ಕೇಳಿಸಿತು. ಸೂಜಿ ಮುರಿದೀತು ಎಂದು ನಾನು ಕೈ ಬಿಡಲಿಲ್ಲ. ತಲೆ ಎತ್ತಿದಾಗ ಅವರ ಕಣ್ಣು ಕಾರಿನ ಮೇಲೆ ಇತ್ತು, ಅವರು ಇರಲಿಲ್ಲ.

ಆಮೇಲೆ ಮಾಡಿದ್ದೆಲ್ಲ ಕಳ್ಳನ ಕೆಲಸ. ಅವರನ್ನು ಮತ್ತೆ ಎಡಕ್ಕೆ ಹೊರಳಿಸಿದೆ. ದಿಂಬಿನ ಮಡಿಕೆ ಬಲಗಿವಿಯ ಮೇಲೆ ಗೆರೆ ಮೂಡಿಸಿತ್ತು, ಹೆಬ್ಬೆರಳಿನಿಂದ ಉಜ್ಜಿದೆ. ಯಾರೂ ಇಲ್ಲದ ಆ ಕಿವಿಯಲ್ಲಿ ಶಿವ ಶಿವ ಎಂದೆ. ಕಾರನ್ನು ಚೀಲಕ್ಕೆ ಹಾಕಿ ಮಂಚದ ಕೆಳಗೆ ತಳ್ಳಿದೆ. ನೀವು ಒದ್ದೆ ಸೀರೆಯಲ್ಲಿ ಬಂದಿರಿ. ನೋಡಿದಿರಿ. ಕೇಳಿದ್ದು ಎರಡೇ ಮಾತು — ಬಲಗಿವಿ ಮೇಲಿತ್ತಾ, ಏನಾದ್ರೂ ಅಂದ್ರಾ. ಇತ್ತು ಎಂದೆ. ಶಿವ ಅಂದ್ರು ಎಂದೆ. ನೀವು ಅಳಲಿಲ್ಲ. ತಂಬಿಗೆ ಕೆಳಗಿಟ್ಟು, ‘ಗೆದ್ದುಬಿಟ್ರು ಬಿಡು,’ ಎಂದು ಗೋಡೆಗೊರಗಿ ಕೂತಿರಿ.

ಹನ್ನೊಂದನೇ ದಿನದ ಕರ್ಮ ಮುಗಿದ ಮಧ್ಯಾಹ್ನ ಕೂತು ಕಡ್ಡಿಯನ್ನು ಇನ್ನೊಂಚೂರು ಬಗ್ಗಿಸಿದೆ. ಪ್ರದರ್ಶನದಲ್ಲಿ ಆ ಕಾರಿಗೇ ಬಹುಮಾನ ಬಂತು. ಪರೀಕ್ಷಕರೊಬ್ಬರು ಭೂತಗನ್ನಡಿ ಹಿಡಿದು, ಇಷ್ಟು ಕರಾರುವಾಕ್ಕಾಗಿ ಹೇಗೆ ಮಾಡಿದಿರಿ ಎಂದರು. ನನಗೆ ಸಂತೋಷವಾಯಿತು. ಅಲ್ಲಿ ನಿಂತು ಸಂತೋಷಪಟ್ಟೆ ಎಂಬುದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಇಷ್ಟೇ ಆಗಿದ್ದರೆ ಬಹುಶಃ ನುಂಗಿಕೊಂಡೇ ಸಾಯುತ್ತಿದ್ದೆ. ಆದರೆ ನೀವು ಆ ಸುಳ್ಳಿನ ಮೇಲೆ ಮನೆ ಕಟ್ಟಿದಿರಿ. ಹೊಸದಾಗಿ ಕಾಶೀವಾಸಕ್ಕೆ ಬಂದ ಹೆಂಗಸರಿಗೆಲ್ಲ ಹೇಳಿದಿರಿ, ನನ್ನನ್ನು ಕರೆದು ಸಾಕ್ಷಿ ಹೇಳಿಸಿದಿರಿ. ವರ್ಷದ ತಿಥಿ ಬಂದಾಗ ಅಣ್ಣ ಬಂದು ಏರ್ಪಾಡು ಮಾಡಲೇ ಎಂದರೆ ಬೇಡವೆಂದಿರಿ. ‘ಮುಕ್ತಿ ಸಿಕ್ಕವರನ್ನ ಒಂದು ಪಿಂಡಕ್ಕೋಸ್ಕರ ಮತ್ತೆ ಕೂಗಿ ಎಳೀತಾರಾ?’ ಅಣ್ಣ ಎಷ್ಟು ಹೇಳಿದರೂ ಕೇಳಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಆರು ವರ್ಷ. ನಿಮ್ಮ ನಂಬಿಕೆಯಂತೆಯೇ ನೋಡಿದರೆ, ಆರು ವರ್ಷದಿಂದ ಆ ಮನುಷ್ಯನಿಗೆ ಒಂದು ತುತ್ತು ಅನ್ನವಿಲ್ಲ, ಒಂದು ಬೊಗಸೆ ನೀರಿಲ್ಲ — ನನ್ನಿಂದ.

ನಾನಿದನ್ನೆಲ್ಲ ನಂಬುತ್ತೇನೆಯೇ? ಗೊತ್ತಿಲ್ಲ. ಕೆಲವು ದಿನ ಹೌದು, ಕೆಲವು ದಿನ ಇಲ್ಲ. ಆದರೆ ನೀವಿಬ್ಬರೂ ನಂಬಿದ್ದಿರಿ, ಅದಕ್ಕಾಗಿ ಊರು ಬಿಟ್ಟಿರಿ. ಅವರು ಖುಷಿಯಾಗಿಯೇ ಹೋದರು, ಪ್ರೀತಿಯ ಕಾರು ನೋಡುತ್ತಾ ಹೋದರು ಎಂದು ನಿಮಗೆ ಹೇಳಬಹುದು. ನನಗೆ ನಾನು ಸಾವಿರ ಸಲ ಹೇಳಿಕೊಂಡಿದ್ದೇನೆ. ಆದರೆ ಅವರು ನೀರಿನಲ್ಲಿ ನಿಂತು ಬೇಡ ಎಂದದ್ದು ಅದನ್ನೇ. ಬೇಡ ಎಂದವರ ಬಾಯಿಗೆ ನಾನೇ ಹಾಕಿದೆ, ನನ್ನ ಹಸಿವಿಗೆ.

ಕಳೆದ ಸೋಮವಾರ ಡಾಕ್ಟರು ನಿಮ್ಮ ಕಾಲಿನ ಬಾವು ನೋಡಿ, ಹೃದಯಕ್ಕೆ ಶಕ್ತಿಯಿಲ್ಲ ಎಂದು ಹೋದ ಮೇಲೆ, ನೀವು ನನ್ನನ್ನು ಹತ್ತಿರ ಕರೆದಿರಿ. ತಲೆಯ ಮೇಲೆ ಕೈಯಿಟ್ಟು ಹೇಳಿದಿರಿ — ‘ನಾನು ಹೋಗೋವಾಗ ನೀನೇ ಕೂರ್ಬೇಕು ಶಂಕ್ರ. ಅವರನ್ನ ದಾಟಿಸಿದ ಕೈ ನಿಂದು. ನನ್ನ ಕಿವೀನೂ ಹಂಗೇ ನೋಡ್ಕೊ.’ ಆಗಲಿ ಎಂದೆ. ಅದಕ್ಕೂ ಆಗಲಿ ಎಂದೆ ನಾನು.

ಪಿತೃಪಕ್ಷಕ್ಕೆ ಇನ್ನೂ ಹದಿನೈದು ದಿನವಿದೆ. ಅಣ್ಣನಿಗೆ ನಿನ್ನೆ ಎಲ್ಲವನ್ನೂ ಹೇಳಿದೆ. ಅವನು, ‘ಮೊದಲು ಅವರಿಗೆ ಹೇಳು. ಅವರು ಹೂಂ ಅಂದರೆ ಪಿಂಡ ನಾನು ಇಡಿಸುತ್ತೇನೆ,’ ಎಂದ. ಆಮೇಲೆ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ನಾಳೆ ನಿಮ್ಮ ಸ್ನಾನ, ಕಾಫಿ ಆದ ಮೇಲೆ ಬರುತ್ತೇನೆ. ಇಷ್ಟನ್ನೂ ಓದುತ್ತೇನೆ, ಒಂದು ಸಾಲೂ ಬಿಡುವುದಿಲ್ಲ. ನೀವು ಬೈದರೆ ಕೇಳುತ್ತೇನೆ. ಮಾತಾಡದಿದ್ದರೆ ಅದನ್ನೂ ಕೇಳಿಕೊಂಡು ಕೂತಿರುತ್ತೇನೆ, ಹೋಗು ಅನ್ನುವವರೆಗೆ.

ರಾಮಣ್ಣನವರಿಗೆ ಅನ್ನ ಇಡಿಸಿ, ಗೌರಕ್ಕ. ನಿಮ್ಮ ಹತ್ತಿರ ಕೂರಲು ಬೇರೆ ಯಾರಿಗಾದರೂ ಹೇಳಿ. ಅವರನ್ನು ದಾಟಿಸಿದ ಕೈ ನನ್ನದಲ್ಲ.