ಒಂಬತ್ತು ಕೆಂಪು ಚುಕ್ಕಿ

ಅವರ ಅಂಗಿಯ ಎಡಜೇಬು ಯಾವಾಗಲೂ ಜೋತು ಬಿದ್ದಿರುತ್ತಿತ್ತು. ಅದರೊಳಗೊಂದು ಅಯಸ್ಕಾಂತ. ಅದಕ್ಕೆ ಅಂಟಿದ ಕಬ್ಬಿಣದ ಪುಡಿಯಿಂದ ಜೇಬಿನ ಹೊರಗೂ ತುಕ್ಕಿನ ಕಲೆ. ಗೋಕಾಕದಲ್ಲಿ ಹಳೆಯ ಕಾರುಗಳನ್ನು ರಿಪೇರಿ ಮಾಡುತ್ತಿದ್ದ ಈ ಮಿಸ್ತ್ರಿ ಆ ಅಯಸ್ಕಾಂತವೊಂದನ್ನು ಬಿಟ್ಟು ಬೇರೆ ಯಾರನ್ನೂ ನಂಬುತ್ತಿರಲಿಲ್ಲ. ಚಹಾ ಕೊಟ್ಟರೆ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವರು. ಯಾರು ಏನು ಹೇಳಿದರೂ "ಖರೇ ಐತೇನ್ರಿ?" ಎನ್ನುವರು. ಶಾಲೆಯ ಅಕ್ಕೋರಾಗಿ ಮೂವತ್ತು ವರ್ಷ ಪರೀಕ್ಷಾ ಕೋಣೆಯಲ್ಲಿ, ಯಾರು ನಕಲು ಮಾಡುತ್ತಾರೆಂದು ಮಕ್ಕಳ ಕೈ ನೋಡುತ್ತ ನಿಂತವಳು ನಾನು. ಸಂಶಯದಲ್ಲಿ ನಾನೇನು ಕಡಿಮೆಯಿರಲಿಲ್ಲ.

ನನ್ನ ಅಪ್ಪ ದನದ ಡಾಕ್ಟರು. ಮೂಡಲಗಿ ಕಡೆಯ ಹಳ್ಳಿಗಳನ್ನೆಲ್ಲ ಒಂದು ಅಂಬಾಸಿಡರ್‌ನಲ್ಲೇ ತಿರುಗಿದವರು. ಅವರು ಹೋದ ಮೇಲೆ ಕಾರು ನಮ್ಮ ಶೆಡ್ಡಿನಲ್ಲಿ ನಿಂತಿತ್ತು. ಸಂಕೇಶ್ವರದ ಗುಜರಿಗೆ ಕೊಟ್ಟುಬಿಡೋಣ ಎಂದು ಯಜಮಾನರ ಹಟ. ಐವತ್ತು ವರ್ಷ ದಾಟಿದ ಗಾಡಿಯನ್ನು ಸರ್ಕಾರ ವಿಂಟೇಜ್ ಎಂದು ನೋಂದಾಯಿಸುತ್ತದೆ, ಆದರೆ ಅದು ಮೂಲರೂಪದಲ್ಲೇ ಇರಬೇಕು ಎಂದು ಯಾರೋ ಹೇಳಿದ್ದರು. ಕಾರನ್ನು ಉಳಿಸಿಕೊಳ್ಳಲು ನನಗಿದ್ದ ದಾರಿ ಅದೊಂದೇ. ಹಗ್ಗ ಕಟ್ಟಿ ಎಳೆಸಿಕೊಂಡು ಮಿಸ್ತ್ರಿಯ ಹತ್ತಿರ ಹೋದೆ.

"ನಮ್ಮ ಅಪ್ಪಾರ ಗಾಡಿ, ಐವತ್ತು ದಾಟೈತ್ರಿ, ಆಂಟಿಕ್ ಆತಲ್ಲ?" ಎಂದೆ.

"ವಯಸ್ಸಾಗೂದು ಬ್ಯಾರೆ, ಆಂಟಿಕ್ ಆಗೂದು ಬ್ಯಾರೆ ಅಕ್ಕೋರ. ಹುಟ್ಟಿದಾಗಿನ ಮೈ ಇರಬೇಕು, ಹುಟ್ಟಿದಾಗಿನ ಎಂಜಿನ್ ಇರಬೇಕು. ಇಲ್ಲಂದ್ರ ಅದು ಬರೇ ಮುದುಕ ಗಾಡಿ."

ಹೀಗೆಂದವರೇ ಅಯಸ್ಕಾಂತ ತೆಗೆದು ಕಾರಿನ ಮೈಮೇಲೆಲ್ಲ ಆಡಿಸಿದರು. ಹಿಂದಿನ ಎಡಬಾಗಿಲಿಗೆ ಬಂದಾಗ ಅದು ಹಿಡಿಯಲಿಲ್ಲ, ಜಾರಿ ಅವರ ಅಂಗೈಗೆ ಬಿತ್ತು.

"ಇಲ್ಲಿ ತಗಡು ತಗ್ಗು ಬಿದ್ದೈತಿ, ಮ್ಯಾಲ ಪುಟ್ಟಿ ತುಂಬ್ಯಾರ. ನಿಮ್ಮ ಅಪ್ಪಾರು ಎಲ್ಲೋ ಗುದ್ದಿ, ಮನ್ಯಾಗ ಹೇಳಿಲ್ಲ."

ನನ್ನ ಗಾಡಿಗೆ ಒಂದು ಗೀರೂ ಬಿದ್ದಿಲ್ಲ ಎಂದು ಅಪ್ಪ ಬದುಕಿರುವ ತನಕ ಹೇಳಿಕೊಂಡಿದ್ದರು. ನನಗೆ ಮೈಯೆಲ್ಲ ಉರಿಯಿತು. ಸತ್ತವರನ್ನೇ ಸುಳ್ಳುಗಾರರನ್ನಾಗಿ ಮಾಡುವ ಈ ಮನುಷ್ಯ ಹಳೆಯ ಸಾಮಾನು ಎತ್ತಿಟ್ಟುಕೊಂಡು ನಕಲಿ ಜೋಡಿಸಿದರೆ ನನಗೆ ಗೊತ್ತಾಗುವುದು ಹೇಗೆ? ಮರುದಿನ ಅವರು ಊಟಕ್ಕೆ ಹೋದ ಹೊತ್ತು ನೋಡಿ ಗ್ಯಾರೇಜಿಗೆ ಹೋದೆ. ಕಾರ್ಬೊರೇಟರು, ಡೈನಮೋ, ಹಾರ್ನು ಹೀಗೆ ಒಂಬತ್ತು ಕಡೆ, ಕಣ್ಣಿಗೆ ಬೀಳದ ಮೂಲೆಯಲ್ಲಿ, ನನ್ನ ಕೆಂಪು ನೇಲ್ ಪಾಲಿಶ್‌ನಿಂದ ಒಂದೊಂದು ಚುಕ್ಕಿ ಇಟ್ಟು ಬಂದೆ.

ನಾಲ್ಕು ತಿಂಗಳು ಹಿಡಿಯಿತು. ಹೊಸ ಬಾಗಿಲು ಸುಲಭವಾಗಿ ಸಿಗುತ್ತಿತ್ತು, ಅವರು ಒಪ್ಪಲಿಲ್ಲ. ಪುಟ್ಟಿ ಕೆರೆದು, ತಗ್ಗು ಬಿದ್ದ ಹಳೆಯ ತಗಡನ್ನೇ ದಿನಗಟ್ಟಲೆ ಬಡಿದು ಎತ್ತಿದರು. "ಅಪ್ಪಾರು ಗುದ್ದಿದ್ದೂ ಈ ಬಾಗಿಲಾನ ಅಲ್ಲೇನ್ರಿ, ಇದ ಇರಲಿ" ಎಂದರು. ಕಾರು ಮನೆಗೆ ಬಂದ ದಿನ ಟಾರ್ಚ್ ಹಿಡಿದು ಹುಡುಕಿದೆ. ಒಂಬತ್ತೂ ಚುಕ್ಕಿ ಇದ್ದವು. ನೋಂದಣಿಯೂ ಆಯಿತು. ಯಜಮಾನರು ಗುಜರಿಯ ಮಾತು ಬಿಟ್ಟರು. ಚುಕ್ಕಿಯ ವಿಷಯ ನಾನು ಬಾಯಿ ಬಿಡಲಿಲ್ಲ.

ಹೋದ ವರ್ಷ ಮಿಸ್ತ್ರಿ ತೀರಿಕೊಂಡರು. ಮನೆಯವರನ್ನು ಮಾತಾಡಿಸಿ ಬರಲು ಮಮದಾಪುರದ ಅವರ ಮನೆಗೆ ಅದೇ ಕಾರಿನಲ್ಲಿ ಹೋದೆ. ಅವರ ಹೆಂಡತಿ ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಚುಕ್ಕಿ ಅಕ್ಕೋರು ನೀವ ಏನ್ರಿ?" ಎಂದರು.

ಚುಕ್ಕಿಯ ವಿಷಯ ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

"ಸಾಮಾನು ಬಿಚ್ಚಿ ಥಿನ್ನರಿನ್ಯಾಗ ತೊಳದ ಕೂಡ್ಲೆ ನಿಮ್ಮ ಚುಕ್ಕಿ ಎಲ್ಲಾ ಹ್ವಾದುವಂತ್ರಿ. ಅಕ್ಕೋರಿಗೆ ಸಂಶೆ ಬರತೈತಿ ಅಂತ ಪ್ಯಾಟ್ಯಾಗ ಹುಡುಕ್ಯಾಡಿ ಅದ ಬಣ್ಣದ ನೇಲ್ ಪಾಲಿಶ್ ತಂದ್ರು. ಬಾಟ್ಲಿ ನನ್ನ ಕೈಗೆ ಸಿಕ್ತು. ಈ ವಯಸ್ಸಿನ್ಯಾಗ ಯಾರಿಗೆ ಒಯ್ಯಾಕತ್ತೀರಿ ಅಂತ ಎರಡು ದಿನ ಮಾತ ಬಿಟ್ಟಿದ್ದೆ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಸಂಶೆ ಹೊಕ್ಕರ ನಿದ್ದಿ ಬರಂಗಿಲ್ಲ, ಅದು ನನಗ ಗೊತ್ತೈತಿ, ಪಾಪ ಅಕ್ಕೋರಾರ ಮಲಗಲಿ ಅಂದ್ರು."

ಮನೆಗೆ ಬಂದು ಬಾನೆಟ್ ಎತ್ತಿ ನಿಂತೆ. ನಾಚಿಕೆಯಾಯಿತು, ಅಳುವೂ ಬಂತು. ಒಂಬತ್ತೂ ಚುಕ್ಕಿ ಅವರು ಇಟ್ಟವು. ಅಂದರೆ ಒಳಗಿನ ಸಾಮಾನು ಅಪ್ಪನ ಕಾಲದ್ದೇ ಎನ್ನಲು ಈಗ ನನ್ನ ಹತ್ತಿರ ಒಂದು ಸಾಕ್ಷಿಯೂ ಇಲ್ಲ. ಆದರೂ ಯಾರಾದರೂ ಕಾರಿನ ಮುಂದೆ ನಿಂತು "ಎಲ್ಲಾ ಒರಿಜಿನಲ್ ಏನ್ರಿ?" ಎಂದು ಕೇಳಿದರೆ, ತಡವರಿಸದೆ "ಹೌದ್ರಿ" ಎನ್ನುತ್ತೇನೆ.