ಕೋಟೆವ್ವನ ಉಡಿ

ರಾಣೆಬೆನ್ನೂರು ಸ್ಟೇಷನ್ನಿನ ಆಟೋದವರಲ್ಲೆಲ್ಲ ಕೊಟ್ರೇಶನ ಬಾಯಿ ದೊಡ್ಡದು. ಕೋಟೆ ನೋಡಬೇಕೆಂದು ಯಾರಾದರೂ ರೈಲು ಇಳಿದರೆ ಸಾಕು, ಉಳಿದವರು ಕರೆಯುವ ಮೊದಲೇ ಇವನು ಅವರ ಬ್ಯಾಗು ಎತ್ತಿರುತ್ತಾನೆ. ಅಲ್ಲೇನು ಮಣ್ಣಿದೆ ನೋಡುವುದಕ್ಕೆ! ಬೀಜದ ಅಂಗಡಿಗಳ ಹಿಂದೆ ಒಂದು ಮುರಿದ ಕೊತ್ತಳ, ಜಾಲಿಗಿಡ, ಒಣಹಾಕಿದ ಸೀರೆಗಳು. "ಇಷ್ಟೇನಾ?" ಎಂದು ಬಂದವರು ಮುಖ ಸಣ್ಣದು ಮಾಡಿದರೆ ಊರನ್ನೇ ಬೈದಂತೆ ಇವನಿಗೆ ಅವಮಾನ.

ಅದಕ್ಕೇ ಒಂದು ಕಥೆ ಕಟ್ಟಿದ. ವೈರಿಗಳು ಮುತ್ತಿದಾಗ ಕಾವಲುಗಾರನ ಬಸುರಿ ಹೆಂಡತಿ ಒಬ್ಬಳೇ ಬಾಗಿಲಿಗೆ ಅಡ್ಡ ನಿಂತಳಂತೆ, ನಿಂತಲ್ಲೇ ಕಲ್ಲಾದಳಂತೆ. ಕೊತ್ತಳದ ಬುಡದಲ್ಲಿದ್ದ ಉದ್ದ ಕಲ್ಲೊಂದನ್ನು ತೋರಿಸಿಯೂಬಿಟ್ಟ. ಸತ್ಯದ ತಲೆಮೇಲೆ ಹೊಡೆದಂಥ ಸುಳ್ಳು! ಕಲ್ಲಿಗೆ ಕುಂಕುಮ ಬಂತು, ಕೋಟೆವ್ವ ಎಂಬ ಹೆಸರೂ ಬಂತು. ಹಲಗೇರಿ, ಕುಪ್ಪೇಲೂರಿನ ಹೆಂಗಸರು ಬಸ್ಸು ಹಿಡಿದು ಉಡಿ ತುಂಬಲು ಬರತೊಡಗಿದರು. ಕೊಟ್ರೇಶ ಮೊದಮೊದಲು ನಕ್ಕ. ಆಮೇಲೆ ಬಸುರಿಯರು ಆಟೋ ಹತ್ತಿದಾಗಲೆಲ್ಲ ಕನ್ನಡಿಯಲ್ಲಿ ಅವರ ಮುಖ ನೋಡಲು ನಾಚಿದ. ನಿಜ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಮೊನ್ನೆ ಹೆಂಡತಿ ಸುಧಾರಾಣಿಯೇ ಹಸಿರು ಬಳೆ, ಖಣ, ಉತ್ತತ್ತಿ ಹಿಡಿದು ಆಟೋದಲ್ಲಿ ಕುಳಿತಳು. ಎರಡು ಸಲ ಬಸಿರು ನಿಲ್ಲದ ಹೆಂಗಸು. ಈಗ ಮತ್ತೆ ನಾಲ್ಕು ತಿಂಗಳು. ಕಲ್ಲಿನ ಮುಂದೆ ಕುಳಿತು ಅವಳು ನೆಮ್ಮದಿಯಿಂದ ಹೇಳಿದಳು:

"ಡಾಕ್ಟರ ಕೊಟ್ಟ ಗುಳಿಗಿ ಬಿಟ್ಟೇನ್ರಿ. ಎಲ್ಲಾ ಅವ್ವನ ಮ್ಯಾಲ ಹಾಕೇನಿ."

ಕೊಟ್ರೇಶ ಅವಳ ಪಕ್ಕದಲ್ಲೇ ಕುಕ್ಕರಿಸಿದ.

"ಸುಧಾ, ಕೋಟೆವ್ವ ಇಲ್ಲ. ಅದು ನಾನ ಕಟ್ಟಿದ ಸುಳ್ಳು. ನಂದ ತಪ್ಪಾತು. ಗುಳಿಗಿ ಬಿಡಬ್ಯಾಡ."

ಅವಳು ಕಲ್ಲಿನ ಕುಂಕುಮ ಮುಟ್ಟಿ ಹೇಳಿದಳು:

"ಹ್ವಾದ ಸಲ ಹೊಟ್ಟ್ಯಾಗಿನ ಕೂಸು ಹೋದಾಗ ನೀವು ಒಂದ ಮಾತು ಆಡಲಿಲ್ಲ. ಮುಂಜಾನೆದ್ದು ಆಟೋ ತಗೊಂಡು ಹೋದ್ರಿ. ನಾ ಇಲ್ಲಿ ಬಂದು ಈಕಿ ಮುಂದ ಅತ್ತೇನಿ. ಈಕಿನೂ ಬಸುರಿ ಇದ್ದಾಕಿ, ಈಕಿಗೆ ತಿಳೀತೈತಿ ಅಂದ್ಕೊಂಡೆ. ಈಗ ಈಕಿನೂ ಇಲ್ಲಂತೀರಿ. ಇನ್ನ ನಾ ಯಾರ ಮುಂದ ಹೇಳ್ಲಿ?"

'ನನ್ನ ಮುಂದ ಹೇಳು' ಎನ್ನಬೇಕೆಂದು ಕೊಟ್ರೇಶ ಬಾಯಿ ತೆರೆದ. ಕಂಡಕಂಡವರಿಗೆಲ್ಲ ಕಥೆ ಹೇಳಿದ ಆ ಬಾಯಿಯಿಂದ ಮಾತೇ ಹೊರಡಲಿಲ್ಲ.

ಸುಧಾರಾಣಿ ಕಲ್ಲಿಗೆಂದು ತಂದಿದ್ದ ಉಡಿಯನ್ನು ತನ್ನ ಸೆರಗಿಗೇ ಕಟ್ಟಿಕೊಂಡು ಎದ್ದಳು.

"ನಡೀರಿ, ಔಷಧದ ಅಂಗಡಿ ಮುಚ್ಚತಾರ."