ಪಚ್ಚಮ್ಮನ ಹಳದಿ

ಕೊಂಡಪಲ್ಲಿಯ ಬೊಂಬೆಗಾರರ ಬೀದಿಯಲ್ಲಿ ಹೇಮಾಕ್ಷಿಯನ್ನು ಹೆಸರು ಹಿಡಿದು ಕರೆದವರೇ ಇಲ್ಲ. "ಅಗೋ, ಪಚ್ಚಮ್ಮ ಬಂದಳು. ಬಾಗಿಲು ಹಾಕ್ಕೊಳ್ರೇ, ನಮ್ಮ ಗೋಡೆಗೂ ಹಸಿರು ಬಳಿದಾಳು!" ಎಂದು ನೆರೆಮನೆಯವರು ನಗುತ್ತಿದ್ದರು.

ಆ ಹೆಸರು ಬಂದ ಕತೆ ಇಷ್ಟು. ಹೇಮಾಕ್ಷಿ ಚನ್ನಪಟ್ಟಣದ ಹುಡುಗಿ. ಅರಗು ಕೊಳ್ಳಲು ಅಲ್ಲಿಗೆ ಬಂದ ಈ ಬೀದಿಯ ದುರ್ಗಾಪ್ರಸಾದ ಹೆಣ್ಣನ್ನೂ ನೋಡಿ ಹೋದ. ಮದುವೆಯಾಗಿ ಮೂರು ತಿಂಗಳಾಗಿರಲಿಲ್ಲ, ಅತ್ತೆ ಕನಕಲಕ್ಷ್ಮಿ ಮದುಮಗಳ ಬೊಂಬೆಗಳನ್ನು ಮುಂದಿಟ್ಟು, "ಚೀರಲಕಿ ಪಚ್ಚ ವೆಯ್ಯಮ್ಮಾ" ಎಂದರು. ಸೀರೆಗೆ ಪಚ್ಚ ಬಳಿ ಅಂತ. ಪಚ್ಚೆ ಎಂದರೆ ಹಸಿರು ತಾನೆ? ಹುಡುಗಿ ನೀಲಿಗೆ ಅರಿಶಿನ ಬೆರೆಸಿ ಅರವತ್ತು ಮದುಮಗಳಿಗೂ ಹಸಿರು ಸೀರೆ ಉಡಿಸಿದಳು. ತೆಲುಗರ ಪಚ್ಚ ಹಸಿರೂ ಹೌದು, ಹಳದಿಯೂ ಹೌದು. ಮದುಮಗಳ ಸೀರೆ ಎಂದಮೇಲೆ ಅಲ್ಲಿ ಯಾರಿಗೂ ಅನುಮಾನವಿಲ್ಲ, ಅದು ಹಳದಿಯೇ. ಅತ್ತೆ ಒಂದು ಬೊಂಬೆ ಎತ್ತಿಕೊಂಡು ಮನೆಮನೆಗೂ ತೋರಿಸಿ ನಕ್ಕು ಬಂದರು.

ಅವತ್ತಿನಿಂದ ಅವಳಿಗೆ ಹಳದಿಯದೇ ಹಟ. ಅರಿಶಿನ ಬಿಸಿಲು ಕಂಡರೆ ಬಿಳಿಚಿಕೊಳ್ಳುತ್ತದೆ. ಮುತ್ತುಗದ ಹೂ ಬೇಯಿಸಿದಳು, ಚೆಂಡುಹೂ ಬೇಯಿಸಿದಳು. ವಿಜಯವಾಡದ ಜ್ಯೂಸ್ ಅಂಗಡಿಗಳಿಂದ ದಾಳಿಂಬೆ ಸಿಪ್ಪೆ ಚೀಲಗಟ್ಟಲೆ ತಂದಳು. ಬಸ್ಸಿನಲ್ಲಿ "ಏನಮ್ಮಾ, ಎಮ್ಮೆಗಾ?" ಎಂದರೆ ಹೂಂ ಎನ್ನುವಳು. ಸಿಪ್ಪೆ ಎಷ್ಟು ಬೇಯಬೇಕು, ಬಣ್ಣ ಕಚ್ಚಿಸುವ ಪಟಿಕ ಯಾವಾಗ ಬೀಳಬೇಕು, ಎಷ್ಟು ಬೀಳಬೇಕು, ಇದಕ್ಕೇ ಹನ್ನೊಂದು ವರ್ಷ ಹೋಯಿತು. ಕೊನೆಗೆ ಜಗಲಿಯ ಬಿಸಿಲಲ್ಲಿ ಎರಡು ಬೇಸಿಗೆ ಕೂತರೂ ಮಾಸದ ಹಳದಿ ಬಂತು. ಬೀದಿಯವರು ಬಳಿಯುವ ಎನಾಮಲ್ ಡಬ್ಬಿಯ ಬಣ್ಣ ಬಿಟ್ಟು, ಬೊಂಬೆ ಕೊಳ್ಳುವವರೆಲ್ಲ ಈ ಹಳದಿಯನ್ನೇ ಕೇಳತೊಡಗಿದರು.

ಈ ವರ್ಷ ವಿಶಾಖಪಟ್ಟಣದಲ್ಲಿ, ಋಷಿಕೊಂಡದ ಹತ್ತಿರ, ಕರಕುಶಲ ಮೇಳ. ಇವರ ಬೊಂಬೆಗೆ ಬಹುಮಾನ ಬಂದಿತ್ತು. ಹೊರಡುವ ಮುಂಚೆ ಅವಳು ಗಂಡನಿಗೆ, "ಬಣ್ಣ ಹೇಮಾಕ್ಷಿದು ಅಂತ ಒಂದ್ ಮಾತು ಹೇಳ್ರೀ. ಇನ್ನೇನೂ ಬೇಡ" ಎಂದಿದ್ದಳು.

"ಹೇಳ್ತೀನೇ, ಅದಕ್ಕೇನಂತೆ."

ಬಹುಮಾನ ಕೊಟ್ಟವರು ಮೈಕು ಹಿಡಿದು ಕೇಳಿಯೇ ಬಿಟ್ಟರು, ಈ ಹಳದಿ ಯಾರದು ಎಂದು. ದುರ್ಗಾಪ್ರಸಾದ ಹೊದಿಸಿದ ಶಾಲು ಸರಿಮಾಡಿಕೊಂಡು, "ಮಾ ತಾತಗಾರಿದಿ" ಎಂದ. ನಮ್ಮ ತಾತನದು! ಮೂರನೇ ಸಾಲಿನಲ್ಲಿದ್ದ ಹೆಂಡತಿಯ ಸುತ್ತ ಎಲ್ಲರೂ ಚಪ್ಪಾಳೆ ತಟ್ಟಿದರು.

ಊರಿಗೆ ಬಂದ ಮಾರನೆಯ ದಿನ, ಒಲೆಯ ಮೇಲೆ ಸಿಪ್ಪೆ ಬೇಯಲಿಟ್ಟು ಕೇಳಿದಳು. "ನಿಮ್ಮ ತಾತ ಎನಾಮಲ್ ಬಿಟ್ಟು ಇನ್ನೇನು ಮುಟ್ಟಿದ್ರು?"

"ಏನ್ ಮಾಡ್ಲೇ? ಪಚ್ಚ ಅಂದ್ರೆ ಹಸಿರು ಬಳಿದೋಳು ಹಳದಿ ಕಂಡುಹಿಡಿದಳು ಅಂದ್ರೆ ಬೀದಿಯೆಲ್ಲ ನಗಲ್ವಾ?"

ಒಳಗಿನಿಂದ ಅತ್ತೆ ಈಗಲೇ ನಕ್ಕರು. ಇಪ್ಪತ್ತೊಂದು ವರ್ಷದ ಹಿಂದೆ ನಕ್ಕ ಹಾಗೆಯೇ.

ಹೇಮಾಕ್ಷಿ ಕೋಣೆಗೆ ಹೋಗಿ ನಾಲ್ಕು ಸೀರೆ ಚೀಲಕ್ಕೆ ತುಂಬಿದಳು. ಚನ್ನಪಟ್ಟಣದಲ್ಲಿ ಅಕ್ಕ ಇದ್ದಾಳೆ. ಚಪ್ಪಲಿ ಮೆಟ್ಟುವಾಗ ಗಂಡ ಒಲೆಯ ಹತ್ತಿರದಿಂದ ಕೂಗಿದ, "ಲೇ, ಉಕ್ತಾ ಇದೆ. ಪಟಿಕ ಎಷ್ಟು ಹಾಕೋದು?"

"ನಿಮ್ಮ ತಾತನ್ನ ಕೇಳಿ" ಎಂದು ಹೊಸಿಲು ದಾಟಿದಳು.

ಅವಳು ಬೀದಿಯ ತುದಿ ಮುಟ್ಟುವವರೆಗೂ ಹಿಂದಿನಿಂದ ಯಾರೂ ಕರೆಯಲಿಲ್ಲ. ತಾಯಿ ಮಗ ಒಳಗೆ ಪಟಿಕದ ಡಬ್ಬಿ ಹುಡುಕುತ್ತಿದ್ದರು.